ಕಣಜವೊಂದು ಊರಾಯಿತು: ಸಂತ ಪ್ಯಾಟ್ರಿಕರ ಬದುಕಿನ ಕಥೆ

ಊರಿನ ಹೆಸರೆಂದರೆ ಸುಮ್ಮನೆ ಬಂದದ್ದಲ್ಲ. ನಮ್ಮ ಕಲಘಟಗಿ ಸೀಮೆಯನ್ನೇ ನೋಡಿರಿ. ದೇವಿಕೊಪ್ಪ ಎಂದರೆ ಅಲ್ಲಿ ದೇವಿಯ ನೆನಪಿದೆ, ಸುರಶೆಟ್ಟಿಕೊಪ್ಪ ಎಂದರೆ ಯಾವನೋ ಒಬ್ಬ ಶೆಟ್ಟಿಯ ನೆನಪಿದೆ. ಕಲಘಟಗಿ ಎಂದ ಕೂಡಲೇ ಉತ್ತರ ಕರ್ನಾಟಕದ ತಾಯಂದಿರಿಗೆ ನೆನಪಾಗುವುದು ಬಣ್ಣದ ತೊಟ್ಟಿಲು. ಕೂಸು ಹುಟ್ಟಿದ ಮನೆಗೆ ತವರಿನಿಂದ ಬರುವ ಆ ಮರದ ತೊಟ್ಟಿಲಿನಿಂದಲೇ ನಮ್ಮ ಊರಿನ ಹೆಸರು ದೂರದೂರಕ್ಕೆ ಹೋಗಿದೆ. ಒಂದು ಊರು ತನ್ನ ಕೋಟೆಯಿಂದಲೋ ಅರಸನಿಂದಲೋ ಅಲ್ಲದೆ, ಕೂಸಿಗೆ ಕೊಡುವ ಉಡುಗೊರೆಯಿಂದ ಹೆಸರಾಗುವುದು ಎಷ್ಟು ಚೆಂದ!

ಇಂಥದೇ ಇನ್ನೊಂದು ಊರಿನ ಕಥೆಯನ್ನು ಈ ವಾರ ಹೇಳಬೇಕೆಂದಿದ್ದೇನೆ. ಅದಕ್ಕೆ ಕಾರಣ ಒಬ್ಬ ಅಜ್ಜಿ. ನಮ್ಮ ಧರ್ಮಕೇಂದ್ರಕ್ಕೆ ಸೇರಿದ ಒಂದು ಸಣ್ಣ ಹಳ್ಳಿಯಲ್ಲಿ ನಮಗೆ ದೇವಾಲಯವಿಲ್ಲ. ಅಲ್ಲಿನ ರೈತರೊಬ್ಬರು ಗೋವಿನಜೋಳದ ಚೀಲಗಳನ್ನು ಒಂದು ಬದಿಗೆ ಸರಿಸಿ, ನೆಲ ಸಾರಿಸಿ, ತಮ್ಮ ಕಣಜದ ಕೋಣೆಯನ್ನು ಬಲಿಪೂಜೆಗಾಗಿ ಬಿಟ್ಟುಕೊಡುತ್ತಾರೆ. ಪೀಠವೆಂದರೆ ಒಂದು ಹಳೆಯ ಮೇಜು. ಪೂಜೆಯ ನಡುವೆ ಪಕ್ಕದ ಕೊಟ್ಟಿಗೆಯಿಂದ ಎಮ್ಮೆ ಕೂಗುವುದೂ ಉಂಟು. ಒಂದು ದಿನ ಪೂಜೆ ಮುಗಿದ ಮೇಲೆ ಆ ಅಜ್ಜಿ ನನ್ನ ಬಳಿ ಬಂದು, ನಮಗೂ ಒಂದು ಖರೇ ಗುಡಿ ಯಾವಾಗ ಆಗುತ್ತದೆ, ನಾವು ಸಾಯುವತನಕ ಹೀಗೆ ಚೀಲದ ಮಗ್ಗುಲಲ್ಲಿ ಮೊಣಕಾಲೂರಬೇಕೇ ಎಂದು ಕೇಳಿದರು. ನನ್ನಲ್ಲಿ ತಕ್ಕ ಉತ್ತರವಿರಲಿಲ್ಲ. ದಾರಿಯುದ್ದಕ್ಕೂ ಯೋಚಿಸುತ್ತ ಬಂದೆ. ಆಗ ನೆನಪಾದದ್ದು ಐರ್ಲೆಂಡ್ ದ್ವೀಪದ ಸಾಲ್ ಎಂಬ ಪುಟ್ಟ ಹಳ್ಳಿ.

ಸಾಲ್ ಎಂದರೆ ನಮ್ಮ ಜನ ಸಾಲ-ಸೋಲ ಎಂದುಕೊಂಡಾರು. ಇಂಗ್ಲಿಷಿನಲ್ಲಿ ಓದುವವರು ಸಂತ ಪೌಲರ ಮೊದಲ ಹೆಸರಾದ ಸೌಲ ಎಂದುಕೊಂಡಾರು, ಏಕೆಂದರೆ ಅಕ್ಷರಗಳು ಒಂದೇ. ಆದರೆ ಇದು ಅಪ್ಪಟ ಐರಿಷ್ ಹೆಸರು. ಆ ಭಾಷೆಯ ಸವಲ್ ಎಂಬ ಹಳೆಯ ಶಬ್ದವೇ ಸವೆದು ಸಾಲ್ ಆಗಿದೆ. ಅದರ ಅರ್ಥ ಕಣಜ. ಕಾಳು-ಕಡಿ, ಮೇವು ತುಂಬಿಡುವ ರೈತನ ಕೋಣೆ. ಐರ್ಲೆಂಡಿನ ಅಪೋಸ್ತಲರೆನಿಸಿದ ಸಂತ ಪ್ಯಾಟ್ರಿಕರ ಮೊದಲ ದೇವಾಲಯ ಒಂದು ಕಣಜವಾಗಿತ್ತು. ಆ ಕಣಜದ ಹೆಸರೇ ಊರಿಗೆ ನಿಂತಿತು.

ಅಳಿದ ಹೆಸರು, ಉಳಿದ ಹೆಸರು

ಐರ್ಲೆಂಡಿನ ನಂಟಿನ ಊರಿನ ಹೆಸರು ನಮ್ಮ ಕರ್ನಾಟಕದಲ್ಲಿಯೂ ಒಂದಿತ್ತು. ಬೆಂಗಳೂರಿನಿಂದ ಮೈಸೂರಿಗೆ ಹೋಗುವ ದಾರಿಯ ರಾಮನಗರವನ್ನು ನಮ್ಮ ಹಿರಿಯರು ಕ್ಲೋಸ್‌ಪೇಟೆ ಎನ್ನುತ್ತಿದ್ದರು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಬಳಿಕ ಈಸ್ಟ್ ಇಂಡಿಯಾ ಕಂಪನಿಯ ಪರವಾಗಿ ಮೈಸೂರಿನ ರೆಸಿಡೆಂಟರಾಗಿ ಬಂದ ಬ್ಯಾರಿ ಕ್ಲೋಸ್ ಎಂಬ ಸೇನಾಧಿಕಾರಿಯ ಹೆಸರು ಅದು. ಅವರು ಹುಟ್ಟಿದ್ದು ಐರ್ಲೆಂಡಿನ ಅರ್ಮಾ ಪ್ರಾಂತ್ಯದಲ್ಲಿ. ಅಧಿಕಾರವಿದ್ದಾಗ ಹೆಸರಿತ್ತು. ದೇಶ ಸ್ವತಂತ್ರವಾಗಿ ಎರಡೇ ವರ್ಷಕ್ಕೆ, 1949ರಲ್ಲಿ, ಊರಿನ ಹೆಸರು ಬದಲಾಯಿತು. ಈಗ ಕ್ಲೋಸರ ಹೆಸರು ಉಳಿದಿರುವುದು ಭೂವಿಜ್ಞಾನಿಗಳ ಪುಸ್ತಕದಲ್ಲಿ. ಆ ಭಾಗದ ಹೆಬ್ಬಂಡೆಗಳನ್ನು ಅವರು ಇಂದಿಗೂ ಕ್ಲೋಸ್‌ಪೇಟ್ ಗ್ರಾನೈಟ್ ಎಂದೇ ಕರೆಯುತ್ತಾರೆ.

ಕ್ಲೋಸರ ತವರಾದ ಆ ಅರ್ಮಾವೇ ಸಂತ ಪ್ಯಾಟ್ರಿಕರು ತಮ್ಮ ಧರ್ಮಾಧ್ಯಕ್ಷ ಪೀಠವನ್ನು ಸ್ಥಾಪಿಸಿದರೆಂದು ಪರಂಪರೆ ಹೇಳುವ ಸ್ಥಳ. ಅಧಿಕಾರಿಯ ಹೆಸರು ನೂರೈವತ್ತು ವರ್ಷ ಬಾಳಿತು. ಅರ್ಮಾದಿಂದ ದೂರವಲ್ಲದ ಸಾಲ್ ಎಂಬ ಕಣಜದ ಹೆಸರು ಸುಮಾರು ಸಾವಿರದ ಐನೂರು ವರ್ಷದಿಂದ ಬಾಳುತ್ತಿದೆ. ಈ ವ್ಯತ್ಯಾಸ ಏಕೆ? ಅದನ್ನು ತಿಳಿಯಬೇಕಾದರೆ ಪ್ಯಾಟ್ರಿಕರ ಬದುಕನ್ನು ನೋಡಬೇಕು.

ಪ್ಯಾಟ್ರಿಕರ ಬಗ್ಗೆ ದಂತಕಥೆಗಳು ಸಾಕಷ್ಟಿವೆ. ಅವರು ಹಾವುಗಳನ್ನೆಲ್ಲ ಓಡಿಸಿದರು ಎನ್ನುತ್ತಾರೆ. ಆದರೆ ಐರ್ಲೆಂಡಿನಲ್ಲಿ ಹಾವುಗಳು ಮೊದಲಿನಿಂದಲೂ ಇರಲಿಲ್ಲವೆಂಬುದು ವಿಜ್ಞಾನಿಗಳ ಮಾತು. ಮೂರೆಲೆಯ ಸೊಪ್ಪನ್ನು ತೋರಿಸಿ ಪರಮ ತ್ರಿತ್ವವನ್ನು ಬೋಧಿಸಿದರೆಂಬ ಕಥೆಯೂ ಬಹಳ ತಡವಾಗಿ ಹುಟ್ಟಿದ್ದು. ಸುದೈವದಿಂದ ಅವರು ತಮ್ಮ ಕೈಯಾರೆ ಬರೆದ ಎರಡು ಬರಹಗಳು ನಮಗೆ ಉಳಿದು ಬಂದಿವೆ. ಒಂದು, ಮುಪ್ಪಿನಲ್ಲಿ ಬರೆದ ವಿಶ್ವಾಸ ನಿವೇದನೆ. ಇನ್ನೊಂದು, ಕೊರೊಟಿಕಸ್ ಎಂಬ ದೊರೆಯ ಸೈನಿಕರಿಗೆ ಬರೆದ ಪತ್ರ. ಈ ಎರಡರಲ್ಲಿ ಕಾಣುವ ಪ್ಯಾಟ್ರಿಕರು ದಂತಕಥೆಯ ಪ್ಯಾಟ್ರಿಕರಿಗಿಂತ ದೊಡ್ಡವರು.

ಅಪಹರಣವಾದ ಹುಡುಗ

ಪ್ಯಾಟ್ರಿಕರು ಐರಿಷರಲ್ಲ. ಐದನೆಯ ಶತಮಾನದ ಆ ಹೊತ್ತಿಗೆ ರೋಮನ್ನರ ಆಳ್ವಿಕೆ ಕುಸಿಯುತ್ತಿದ್ದ ಬ್ರಿಟನ್ನಿನಲ್ಲಿ ಹುಟ್ಟಿದವರು. ತಂದೆ ಕಲ್ಪೂರ್ನಿಯುಸ್ ಧರ್ಮಸೇವಕ, ಅಂದರೆ ಡೀಕನ್. ಅಜ್ಜ ಪೊಟಿಟುಸ್ ಗುರು. ಆ ಕಾಲದಲ್ಲಿ ವಿವಾಹಿತರೂ ಗುರುಗಳಾಗುತ್ತಿದ್ದರು. ಹೊಲಮನೆ, ಆಳುಕಾಳು ಇದ್ದ ಅನುಕೂಲಸ್ಥ ಕುಟುಂಬ. ಇಂಥ ಮನೆಯಲ್ಲಿ ಹುಟ್ಟಿದರೂ ಹುಡುಗನಿಗೆ ದೇವರ ಗೊಡವೆ ಇರಲಿಲ್ಲ. ಗುರುಗಳ ಬುದ್ಧಿಮಾತು ಕಿವಿಗೆ ಬೀಳುತ್ತಿರಲಿಲ್ಲ ಎಂದು ಅವರೇ ಒಪ್ಪಿಕೊಂಡಿದ್ದಾರೆ. ದೇವಭಕ್ತರ ಮನೆಯ ಮಕ್ಕಳೂ ದೇವರಿಗೆ ಬೆನ್ನು ತಿರುಗಿಸಬಲ್ಲರು. ಹಾಗೆಂದು ತಂದೆತಾಯಿಯರು ಎದೆಗುಂದಬಾರದು. ಕಥೆ ಅಲ್ಲಿಗೇ ಮುಗಿಯುವುದಿಲ್ಲ.

ಹದಿನಾರು ವರ್ಷದವನಿದ್ದಾಗ ಐರ್ಲೆಂಡಿನಿಂದ ಬಂದ ದಾಳಿಕೋರರು ತಂದೆಯ ತೋಟದ ಮನೆಯ ಮೇಲೆ ಎರಗಿದರು. ಸಾವಿರಾರು ಜನರನ್ನು ಹಿಡಿದು ಹಡಗಿಗೆ ತುಂಬಿದರು. ಅವರ ನಡುವೆ ಈ ಹುಡುಗನೂ ಇದ್ದ. ಭಾಷೆ ತಿಳಿಯದ ನಾಡಿನಲ್ಲಿ ಅವನನ್ನು ಗುಲಾಮನನ್ನಾಗಿ ಮಾಡಿದರು. ಕೆಲಸ ಕುರಿ-ದನ ಕಾಯುವುದು. ಆರು ವರ್ಷ ಮಂಜು, ಮಳೆ, ಹಸಿವೆಗಳಲ್ಲಿ ಕಳೆದವು. ಹಬ್ಬದ ದಿನ ಕೂಡ ಯಾರೂ ಹೆಸರು ಹಿಡಿದು ಕರೆಯಲಿಲ್ಲ.

ಅಲ್ಲಿಯೇ ಒಂದು ವಿಚಿತ್ರ ನಡೆಯಿತು. ಮನೆಯ ಬೆಚ್ಚನೆಯಲ್ಲಿ ದೊರಕದ ದೇವರು ಗುಡ್ಡದ ಚಳಿಯಲ್ಲಿ ದೊರಕಿದರು. ತಂದೆ, ಅಜ್ಜ ಕಲಿಸಿದ ಜಪಗಳು ನೆನಪಿಗೆ ಬಂದವು. ಹಗಲಿನಲ್ಲಿ ನೂರು ಸಲ, ರಾತ್ರಿ ಅಷ್ಟೇ ಸಲ ಪ್ರಾರ್ಥಿಸುತ್ತಿದ್ದೆನೆಂದು ಅವರು ಬರೆದಿದ್ದಾರೆ. ನಸುಕಿಗೂ ಮುಂಚೆ ಎದ್ದು ಹಿಮದಲ್ಲಿ ಮೊಣಕಾಲೂರುತ್ತಿದ್ದರು. ಬಾಲ್ಯದಲ್ಲಿ ಕಿವಿಗೆ ಬಿದ್ದ ಜಪ ಬೀಜದಂತೆ. ಮಣ್ಣಿನಡಿಯಲ್ಲಿ ಎಷ್ಟು ದಿನ ಮಲಗಿದ್ದರೂ ತಕ್ಕ ಮಳೆಗೆ ಮೊಳೆಯುತ್ತದೆ. ಸಂಜೆಯ ಜಪಸರಕ್ಕೆ ಕೂಡಲು ಮಕ್ಕಳು ಗೊಣಗಿದರೂ ತಾಯಂದಿರು ಬಿಡಬಾರದೆಂದು ನಾನು ಹೇಳುವುದು ಇದಕ್ಕಾಗಿಯೇ.

ಆರು ವರ್ಷದ ಮೇಲೆ ಒಂದು ರಾತ್ರಿ ಕನಸಿನಲ್ಲಿ ಧ್ವನಿ ಕೇಳಿತು. ಊರಿಗೆ ಮರಳುವ ಕಾಲ ಬಂದಿದೆ, ಹಡಗು ಸಿದ್ಧವಿದೆ ಎಂದಿತು. ಯಜಮಾನನನ್ನು ಬಿಟ್ಟು, ಗುರುತು ಪರಿಚಯವಿಲ್ಲದ ದಾರಿಯಲ್ಲಿ ಸುಮಾರು ಇನ್ನೂರು ಮೈಲಿ ನಡೆದು ಪ್ಯಾಟ್ರಿಕರು ಬಂದರು ಮುಟ್ಟಿದರು. ಹಡಗಿನ ನಾಯಕ ಮೊದಲು ಗದರಿಸಿ ಅಟ್ಟಿದ. ಅವರು ಪ್ರಾರ್ಥಿಸುತ್ತ ಹಿಂದಿರುಗುತ್ತಿದ್ದಾಗ ನಾವಿಕರು ಮನಸ್ಸು ಬದಲಿಸಿ ಕೂಗಿ ಕರೆದರು. ಮೂರು ದಿನದ ಕಡಲು, ಇಪ್ಪತ್ತೆಂಟು ದಿನದ ನಿರ್ಜನ ಕಾಡು. ಅನ್ನವಿಲ್ಲದೆ ಎಲ್ಲರೂ ಬಸವಳಿದಾಗ ಇವರ ಪ್ರಾರ್ಥನೆಯ ಬಳಿಕ ಹಂದಿಗಳ ಹಿಂಡೊಂದು ದಾರಿಗೆ ಅಡ್ಡ ಬಂತು, ಜನ ಬದುಕಿಕೊಂಡರು. ಕೆಲವು ವರ್ಷಗಳ ನಂತರ ಅವರು ತಂದೆತಾಯಿಯರನ್ನು ಸೇರಿದರು. ಮನೆಯವರು ಸತ್ತ ಮಗ ಬಂದಂತೆ ಎದೆಗಪ್ಪಿಕೊಂಡು, ಇನ್ನು ಮುಂದೆ ತಮ್ಮನ್ನು ಬಿಟ್ಟು ಹೋಗಕೂಡದೆಂದು ಬೇಡಿಕೊಂಡರು.

ಸೆರೆಹಿಡಿದವರ ಕರೆ

ಇಲ್ಲಿಗೆ ಕಥೆ ಮುಗಿದಿದ್ದರೆ ಸುಖಾಂತವಾಗುತ್ತಿತ್ತು, ಆದರೆ ಸಂತರೊಬ್ಬರು ಹುಟ್ಟುತ್ತಿರಲಿಲ್ಲ. ಒಂದು ರಾತ್ರಿ ಮತ್ತೆ ಕನಸು. ವಿಕ್ಟೋರಿಕುಸ್ ಎಂಬ ವ್ಯಕ್ತಿ ಐರ್ಲೆಂಡಿನಿಂದ ಪತ್ರಗಳ ಹೊರೆ ಹೊತ್ತು ತಂದಂತೆ, ಅದರಲ್ಲಿ ಒಂದನ್ನು ತಮ್ಮ ಕೈಗಿತ್ತಂತೆ ಕಂಡಿತು. ಓದುತ್ತಿರುವಾಗಲೇ ಪಡುವಣ ಕಡಲ ಪಕ್ಕದ ಕಾಡಿನ ಜನರ ದನಿ ಕೇಳಿಸಿತು. ಬಂದು ಮತ್ತೆ ನಮ್ಮ ನಡುವೆ ನಡೆದಾಡು ಎಂದು ಅವರು ಕರೆಯುತ್ತಿದ್ದರು. ಪ್ಯಾಟ್ರಿಕರ ಎದೆ ಬಿರಿಯಿತು. ಮುಂದೆ ಓದಲಾಗದೆ ಎಚ್ಚರಗೊಂಡರು.

ಪ್ರಿಯ ಓದುಗರೆ, ಇಲ್ಲಿ ಸ್ವಲ್ಪ ನಿಲ್ಲೋಣ. ಅವರನ್ನು ಕರೆದವರು ಯಾರು? ಅವರ ಹರೆಯವನ್ನು ಕದ್ದವರು. ಅವರನ್ನು ದನದಂತೆ ದುಡಿಸಿಕೊಂಡ ನಾಡಿನವರು. ನಮಗೆ ಅನ್ಯಾಯ ಮಾಡಿದ ಮನೆಯ ಮುಂದೆ ಹಾದುಹೋಗುವಾಗ ನಾವು ಮುಖ ತಿರುಗಿಸುತ್ತೇವೆ. ಬದುವಿನ ಜಗಳಕ್ಕೆ ಅಣ್ಣತಮ್ಮಂದಿರು ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟದೆ ಇಪ್ಪತ್ತು ವರ್ಷ ಕಳೆದದ್ದನ್ನು ನಾನು ಕಂಡಿದ್ದೇನೆ. ಪ್ಯಾಟ್ರಿಕರಾದರೋ ಆ ನಾಡಿನ ಕೂಗನ್ನು ಸೇಡಿನ ಕಿವಿಯಿಂದ ಕೇಳಲಿಲ್ಲ. ಕ್ಷಮೆಯೆಂದರೆ ಮರೆಯುವುದು ಮಾತ್ರವಲ್ಲ. ನೋಯಿಸಿದವನಿಗೆ ನನ್ನಿಂದ ಏನು ಬೇಕಾಗಿದೆ ಎಂದು ಕೇಳಿಕೊಳ್ಳುವುದು ಕ್ಷಮೆಯ ಕೊನೆಯ ಮೆಟ್ಟಿಲು. ಶಿಲುಬೆಯ ಮೇಲಿಂದ ಪ್ರಭು ಯೇಸು ಏರಿ ತೋರಿಸಿದ ಮೆಟ್ಟಿಲು ಅದೇ.

ಅವರು ಗುರುದೀಕ್ಷೆ ಪಡೆದರು, ಧರ್ಮಾಧ್ಯಕ್ಷರಾದರು. ಐರ್ಲೆಂಡಿನಲ್ಲಿ ಅದಾಗಲೇ ಅಲ್ಲಲ್ಲಿ ಕೆಲವು ಕ್ರೈಸ್ತರಿದ್ದರು. 431ರಲ್ಲಿ ಪೋಪ್ ಸೆಲೆಸ್ಟಿನ್ ಅವರಿಗಾಗಿ ಪಲ್ಲಾಡಿಯುಸ್ ಎಂಬ ಧರ್ಮಾಧ್ಯಕ್ಷರನ್ನು ಕಳುಹಿಸಿದ್ದರು. ಪ್ಯಾಟ್ರಿಕರು ಬಂದಿಳಿದದ್ದು ಅದರ ಮರುವರ್ಷ, 432ರಲ್ಲಿ ಎಂದು ಪರಂಪರೆ ಎಣಿಸುತ್ತದೆ.

ದಿಖುವಿನ ಕಣಜ

ಕಣಜದ ಕಥೆಯನ್ನು ನಮಗೆ ಹೇಳಿದವರು ಏಳನೆಯ ಶತಮಾನದ ಕೊನೆಯಲ್ಲಿ ಪ್ಯಾಟ್ರಿಕರ ಚರಿತ್ರೆ ಬರೆದ ಮುರ್ಖು ಎಂಬ ಐರಿಷ್ ಲೇಖಕರು. ಅವರು ಹೇಳುವಂತೆ ಪ್ಯಾಟ್ರಿಕರ ದೋಣಿ ಈಶಾನ್ಯ ಕರಾವಳಿಯ ಒಂದು ಹೊಳೆಯ ಬಾಯಿಗೆ ಬಂದು ನಿಂತಿತು. ಇವರನ್ನು ಕಂಡ ಹಂದಿಕಾಯುವವನೊಬ್ಬ ಕಳ್ಳರು ಬಂದರೆಂದು ಓಡಿಹೋಗಿ ತನ್ನ ಒಡೆಯನಿಗೆ ಸುದ್ದಿ ಮುಟ್ಟಿಸಿದ. ಒಡೆಯನ ಹೆಸರು ದಿಖು. ಕೊಲ್ಲಬೇಕೆಂದೇ ಅವನು ಬಂದ. ಆದರೆ ಪ್ಯಾಟ್ರಿಕರ ಮುಖ ನೋಡಿದೊಡನೆ ಅವನ ಮನಸ್ಸು ಕರಗಿತು. ಅವರ ಬೋಧನೆ ಕೇಳಿ ವಿಶ್ವಾಸವಿಟ್ಟ. ಆ ಸೀಮೆಯಲ್ಲಿ ಮೊದಲು ಕ್ರಿಸ್ತರನ್ನು ಒಪ್ಪಿಕೊಂಡವನು ಅವನೇ.

ದಿಖು ಕೊಟ್ಟದ್ದು ಅರಮನೆಯನ್ನಲ್ಲ, ತನ್ನ ಕಣಜವನ್ನು. ರೈತನಿಗೆ ಕಣಜವೆಂದರೇನೆಂದು ನಮ್ಮ ಜನಕ್ಕೆ ಹೇಳಬೇಕಾಗಿಲ್ಲ. ಬೆಳವಲದ ಹಗೇವಾಗಲಿ, ನಮ್ಮ ಕಡೆಯ ಭತ್ತದ ಕಣಜವಾಗಲಿ, ಅದರಲ್ಲಿ ವರ್ಷದ ಬೆವರು ಇರುತ್ತದೆ, ಮುಂದಿನ ವರ್ಷದ ಬೀಜ ಇರುತ್ತದೆ. ಮನೆಯಲ್ಲಿ ಮಿಕ್ಕಿದ್ದನ್ನು ಕೊಟ್ಟರೆ ಅದು ದಾನ. ಕಣಜವನ್ನೇ ಕೊಟ್ಟರೆ ಅದು ನಂಬಿಕೆ. ಆ ಕಣಜದಲ್ಲಿ ಪ್ಯಾಟ್ರಿಕರು ಬಲಿಪೂಜೆ ಅರ್ಪಿಸಿದರು. ಗೋದಿಯಿಟ್ಟ ಜಾಗದಲ್ಲಿ ಗೋದಿಯ ರೊಟ್ಟಿ ಪ್ರಭುವಿನ ಶರೀರವಾಯಿತು. ದನಗಳ ನಡುವೆ ಗೋದಲಿಯಲ್ಲಿ ಮಲಗಿದ ಪ್ರಭುವಿಗೆ ಆ ಕಣಜ ಹೊಸ ಜಾಗವೇನಾಗಿರಲಿಲ್ಲ.

ಜನ ಅದನ್ನು ಪ್ಯಾಟ್ರಿಕರ ಕಣಜ ಎಂದರು. ಬರಬರುತ್ತ ಕಣಜ ಎಂದಷ್ಟೇ ಕರೆದರು. ಐರ್ಲೆಂಡಿನಲ್ಲಿ ಊರುಗಳಿಗೆ ಹೆಸರು ಬರುವ ರೀತಿ ನಮ್ಮದರಂತೆಯೇ ಇದೆ. ನಮ್ಮಲ್ಲಿ ಹಳ್ಳಿ, ಕೊಪ್ಪ ಇದ್ದಂತೆ ಅವರಲ್ಲಿ ಬ್ಯಾಲಿ ಎಂದು ಶುರುವಾಗುವ ಊರುಗಳು ಹಲವು. ಕಿಲ್ ಎಂದು ಶುರುವಾದರೆ ಬಹಳಷ್ಟು ಕಡೆ ಅಲ್ಲಿ ಒಂದು ದೇವಾಲಯವೋ ಸನ್ಯಾಸಿಯ ಕುಟೀರವೋ ಇತ್ತೆಂದು ಅರ್ಥ. ಸಂತ ಬ್ರಿಜಿಡರ ಕಿಲ್ಡೇರ್ ಎಂದರೆ ಓಕ್ ಮರದ ದೇವಾಲಯ. ಇಷ್ಟೆಲ್ಲ ದೇವಾಲಯಗಳ ನಾಡಿನಲ್ಲಿ ಮೊಟ್ಟಮೊದಲನೆಯ ದೇವಾಲಯಕ್ಕೆ ಮಾತ್ರ ದೇವಾಲಯವೆಂಬ ಹೆಸರಿಲ್ಲ. ಅದು ಇಂದಿಗೂ ಕಣಜವೇ. ಕೊಟ್ಟವನ ಕೊಡುಗೆಯನ್ನು ಆ ಜನ ಮರೆಯಲಿಲ್ಲ.

ಕಾಣಿಕೆ ಹಿಂದಿರುಗಿಸಿದ ಗುರು

ಮುಂದಿನ ವರ್ಷಗಳಲ್ಲಿ ಪ್ಯಾಟ್ರಿಕರು ನಾಡಿನ ಮೂಲೆಮೂಲೆಗೆ ನಡೆದರು. ಸಾವಿರಾರು ಜನರಿಗೆ ಜ್ಞಾನಸ್ನಾನವಿತ್ತರು, ಊರೂರಿಗೆ ಗುರುಗಳನ್ನು ನೇಮಿಸಿದರು. ಒಡೆಯರ ಮಕ್ಕಳೂ ಗುಲಾಮರೂ ಒಂದೇ ನೀರಿನಲ್ಲಿ ಮಿಂದರು. ಕನ್ಯಾವ್ರತ ಹಿಡಿದ ಹೆಣ್ಣುಮಕ್ಕಳನ್ನು ಮನೆಯವರೇ ಹಿಂಸಿಸುತ್ತಿದ್ದರು. ಅವರಲ್ಲಿ ದಾಸಿಯರ ಪಾಡು ಎಲ್ಲಕ್ಕಿಂತ ಕಷ್ಟದ್ದೆಂದು ಅವರು ವಿಶೇಷವಾಗಿ ನೆನೆಯುತ್ತಾರೆ. ತಾವೇ ಗುಲಾಮರಾಗಿದ್ದವರ ಕಣ್ಣು ಅದು.

ಹಣದ ವಿಷಯದಲ್ಲಿ ಅವರು ಬಹಳ ಬಿಗಿ. ಭಕ್ತ ಮಹಿಳೆಯರು ತಮ್ಮ ಒಡವೆಗಳನ್ನು ತೆಗೆದು ಪೀಠದ ಮೇಲೆ ಇಡುತ್ತಿದ್ದರಂತೆ. ಪ್ಯಾಟ್ರಿಕರು ಅವನ್ನೆಲ್ಲ ಹಿಂದಿರುಗಿಸಿಬಿಡುತ್ತಿದ್ದರು. ಕೊಟ್ಟವರಿಗೆ ಸಿಟ್ಟೂ ಬರುತ್ತಿತ್ತು. ಆದರೂ ಜ್ಞಾನಸ್ನಾನಕ್ಕಾಗಲಿ ಗುರುಪಟ್ಟಕ್ಕಾಗಲಿ ತಾವು ಕಾಸು ಮುಟ್ಟಿದ್ದನ್ನು ಯಾರಾದರೂ ತೋರಿಸಿದರೆ ಮರಳಿ ಕೊಡುವೆನೆಂದು ಅವರು ಸವಾಲೆಸೆಯುತ್ತಾರೆ. ದಿಖುವಿನ ಕಣಜವನ್ನು ಸ್ವೀಕರಿಸಿದ ಕೈ ಒಡವೆಯನ್ನು ನಿರಾಕರಿಸಿತು. ಏಕೆಂದರೆ ಕಣಜ ಎಲ್ಲರಿಗಾಗಿ ಕೊಟ್ಟದ್ದು, ಒಡವೆ ಅವರೊಬ್ಬರಿಗೆ ಬರುತ್ತಿತ್ತು. ಗುರುಗಳಾದ ನಾವು ಈ ಮಾತನ್ನು ಮೊದಲು ನಮಗೇ ಹೇಳಿಕೊಳ್ಳಬೇಕು.

ಗೆಳೆಯನ ದ್ರೋಹ

ಪ್ಯಾಟ್ರಿಕರ ಬದುಕಿನ ಅತ್ಯಂತ ನೋವಿನ ಗಾಯ ಶತ್ರುವಿನಿಂದ ಆದದ್ದಲ್ಲ. ಹದಿನೈದರ ಹರೆಯದಲ್ಲಿ, ಒಂದು ಗಳಿಗೆಯ ಮರುಳಿನಲ್ಲಿ, ಅವರು ಒಂದು ತಪ್ಪು ಮಾಡಿದ್ದರು. ಏನೆಂದು ಅವರು ಬರೆದಿಲ್ಲ. ಮುಂದೆ ಧರ್ಮಸೇವಕರಾಗುವ ಮುನ್ನ ಮನಸ್ಸು ಕೊರೆದು, ಪ್ರಾಣಸ್ನೇಹಿತರೊಬ್ಬರ ಮುಂದೆ ಅದನ್ನು ಹೇಳಿಕೊಂಡಿದ್ದರು. ಮೂವತ್ತು ವರ್ಷಗಳ ಮೇಲೆ ಅದೇ ಸ್ನೇಹಿತರು ಆ ಗುಟ್ಟನ್ನು ಹಿರಿಯರ ಸಭೆಯಲ್ಲಿ ಬಯಲು ಮಾಡಿದರು. ಧರ್ಮಾಧ್ಯಕ್ಷ ಪದವಿಗೆ ಇವರು ಯೋಗ್ಯರಲ್ಲವೆಂದು ಹಿರಿಯರು ಮೇಲೆಬಿದ್ದರು. ವಿಚಿತ್ರವೆಂದರೆ ಹಿಂದೆ ಪ್ಯಾಟ್ರಿಕರಿಗೆ ಆ ಪದವಿ ಸಲ್ಲಬೇಕೆಂದು ಎತ್ತಿ ಮಾತಾಡಿದ್ದವರೂ ಅದೇ ಸ್ನೇಹಿತರು.

ಅಂದು ತಾವು ಬಿದ್ದೇ ಹೋಗುತ್ತಿದ್ದೆನೆಂದು ಅವರು ಮುಚ್ಚುಮರೆಯಿಲ್ಲದೆ ಹೇಳುತ್ತಾರೆ. ಆದರೆ ಆ ರಾತ್ರಿಯ ದರ್ಶನದಲ್ಲಿ ದೇವರು ತಮ್ಮ ಪಕ್ಷದಲ್ಲಿರುವುದನ್ನು ಕಂಡರು. ಬಳಿಕ ಅವರು ಮಾಡಿದ ಮೊದಲ ಪ್ರಾರ್ಥನೆ ಆ ಸ್ನೇಹಿತರಿಗಾಗಿ, ಇದು ಅವರ ಮೇಲೆ ಪಾಪವಾಗಿ ಎಣಿಕೆಯಾಗದಿರಲಿ ಎಂದು. ಗಂಡ ಹೆಂಡತಿಗೆ ನಂಬಿ ಹೇಳಿದ್ದು ಜಗಳದ ದಿನ ಓಣಿಯ ಪಾಲಾಗುತ್ತದೆ. ಅಕ್ಕ ತಂಗಿಗೆ ಹೇಳಿದ್ದು ಆಸ್ತಿ ಹಂಚುವಾಗ ಹೊರಗೆ ಬೀಳುತ್ತದೆ. ಹಳೆಯ ತಪ್ಪನ್ನು ದೇವರು ಕ್ಷಮಿಸಿದ ಮೇಲೂ ಮನುಷ್ಯರು ಅದನ್ನು ಅಟ್ಟದ ಮೇಲೆ ಇಟ್ಟಿರುತ್ತಾರೆ, ಬೇಕಾದಾಗ ಇಳಿಸಲೆಂದು. ಇಂಥ ನೋವು ಉಂಡವರಿಗೆ ಪ್ಯಾಟ್ರಿಕರು ಸಂಗಾತಿ.

ಸೆರೆಯಾದವರ ಪರವಾಗಿ

ಇನ್ನೊಂದು ಘಟನೆ ಅವರ ಸಿಟ್ಟನ್ನು ತೋರಿಸುತ್ತದೆ. ಬ್ರಿಟನ್ನಿನ ಕೊರೊಟಿಕಸ್ ಎಂಬ ದೊರೆ ಹೆಸರಿಗೆ ಕ್ರೈಸ್ತ. ಅವನ ಸೈನಿಕರು ಐರ್ಲೆಂಡಿಗೆ ನುಗ್ಗಿ ಹೊಸದಾಗಿ ಜ್ಞಾನಸ್ನಾನ ಪಡೆದವರ ಮೇಲೆ ಬಿದ್ದರು. ಅವರ ಮೈಮೇಲೆ ಇನ್ನೂ ಬಿಳಿಯ ಬಟ್ಟೆಯಿತ್ತು, ಹಣೆಯ ಮೇಲೆ ಪವಿತ್ರ ತೈಲದ ಪರಿಮಳವಿತ್ತು. ಕೆಲವರನ್ನು ಕೊಂದರು, ಉಳಿದವರನ್ನು ಗುಲಾಮರನ್ನಾಗಿ ಮಾರಿದರು. ಮರುದಿನವೇ ಪ್ಯಾಟ್ರಿಕರು ಗುರುವೊಬ್ಬರ ಕೈಯಲ್ಲಿ ಪತ್ರ ಕಳುಹಿಸಿ ಸೆರೆಯಾದವರನ್ನು ಬಿಡುವಂತೆ ಕೇಳಿದರು. ಸೈನಿಕರು ನಕ್ಕುಬಿಟ್ಟರು.

ಆಗ ಅವರು ಬರೆದ ಎರಡನೆಯ ಪತ್ರ ನಮಗೆ ಉಳಿದಿದೆ. ಕಣ್ಣೀರು ಸುರಿಸಿ ಪಶ್ಚಾತ್ತಾಪಪಟ್ಟು ಸೆರೆಯಾಳುಗಳನ್ನು ಬಿಡುವವರೆಗೆ ಅಂಥವರೊಡನೆ ಕ್ರೈಸ್ತರು ಉಣ್ಣಬಾರದು, ಕುಡಿಯಬಾರದು, ಅವರ ದಾನವನ್ನು ಮುಟ್ಟಬಾರದು ಎಂದು ಅವರು ವಿಧಿಸಿದರು. ತಮ್ಮನ್ನು ಸೆರೆಹಿಡಿದವರನ್ನು ಕ್ಷಮಿಸಿದ ಪ್ಯಾಟ್ರಿಕರು ಬಡವರನ್ನು ಸೆರೆಹಿಡಿದವರ ಮುಂದೆ ಸುಮ್ಮನಿರಲಿಲ್ಲ. ನನಗಾದ ಅನ್ಯಾಯವನ್ನು ನಾನು ಕ್ಷಮಿಸಬಹುದು. ನೆರೆಯವನಿಗಾದ ಅನ್ಯಾಯದ ಮುಂದೆ ಮೌನವಾಗಿದ್ದು ಅದನ್ನು ಕ್ಷಮೆ ಎನ್ನಲಾಗದು. ಕೆಲಸ ಕೊಡಿಸುತ್ತೇವೆಂದು ನಮ್ಮ ಹಳ್ಳಿಯ ಮಕ್ಕಳನ್ನು ದೂರದ ನಗರಕ್ಕೆ ಸಾಗಿಸುವವರು ಇಂದಿಗೂ ಇದ್ದಾರೆ. ಹದಿನಾರರ ಹುಡುಗ ಪ್ಯಾಟ್ರಿಕ್ ಅಂಥ ಬಸ್ಸುಗಳಲ್ಲಿ ಇಂದಿಗೂ ಕೂತಿದ್ದಾನೆ.

ಎತ್ತುಗಳು ನಿಂತ ಜಾಗ

ಮುಪ್ಪಿನಲ್ಲಿ ಪ್ಯಾಟ್ರಿಕರಿಗೆ ಅರ್ಮಾದಲ್ಲಿ ಕಣ್ಣುಮುಚ್ಚುವ ಬಯಕೆಯಿತ್ತಂತೆ. ಆದರೆ ಮೊದಲ ಕಣಜಕ್ಕೇ ಹಿಂದಿರುಗಬೇಕೆಂದು ದೇವದೂತನ ಅಪ್ಪಣೆಯಾಯಿತು. ಅಲ್ಲಿಯೇ ಧರ್ಮಾಧ್ಯಕ್ಷ ತಸ್ಸಾಖರ ಕೈಯಿಂದ ಕೊನೆಯ ಪರಮಪ್ರಸಾದ ಸ್ವೀಕರಿಸಿ, ಮಾರ್ಚ್ 17ರಂದು ಪ್ರಾಣಬಿಟ್ಟರು. ವರ್ಷದ ಬಗ್ಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. 461 ಎನ್ನುವವರಿದ್ದಾರೆ, 493 ಎನ್ನುವವರೂ ಇದ್ದಾರೆ. ಆ ದಿನವನ್ನೇ ಧರ್ಮಸಭೆ ಅವರ ಹಬ್ಬವಾಗಿ ಆಚರಿಸುತ್ತದೆ.

ಇನ್ನು ಸಮಾಧಿ ಎಲ್ಲಿ? ನೊಗ ಕಾಣದ ಎರಡು ಎತ್ತುಗಳನ್ನು ಬಂಡಿಗೆ ಕಟ್ಟಿ, ಯಾರೂ ಹೊಡೆಯದೆ, ಅವು ಎಲ್ಲಿ ನಿಲ್ಲುತ್ತವೋ ಅಲ್ಲಿಯೇ ಮಣ್ಣು ಮಾಡುವುದೆಂದಾಯಿತೆಂದು ಮುರ್ಖು ಬರೆಯುತ್ತಾರೆ. ಎತ್ತುಗಳು ಸುಮಾರು ಎರಡು ಮೈಲಿ ನಡೆದು ಒಂದು ಕೋಟೆಗುಡ್ಡದ ಬಳಿ ನಿಂತವು. ಆ ಊರೇ ಇಂದಿನ ಡೌನ್‌ಪ್ಯಾಟ್ರಿಕ್, ಅಂದರೆ ಪ್ಯಾಟ್ರಿಕರ ಕೋಟೆ. ಕಾರಹುಣ್ಣಿಮೆಗೆ ಎತ್ತುಗಳನ್ನು ಸಿಂಗರಿಸುವ ನಮ್ಮ ರೈತರಿಗೆ ಈ ಕಥೆ ರುಚಿಸುತ್ತದೆ.

ಅವರ ಪಾರ್ಥಿವ ಶರೀರಕ್ಕಾಗಿ ಎರಡು ಸೀಮೆಯ ಜನ ಕಾದಾಟಕ್ಕೆ ನಿಂತರೆಂದೂ ಮುರ್ಖು ಹೇಳುತ್ತಾರೆ. ಸಾಲ್ ಇಂದು ಉತ್ತರ ಐರ್ಲೆಂಡಿನಲ್ಲಿದೆ. ಕಥೋಲಿಕರು, ಪ್ರೊಟೆಸ್ಟೆಂಟರು ಎಂದು ಒಡೆದುಹೋಗಿದ್ದ ಆ ನಾಡಿನ ಕಲಹದಲ್ಲಿ, 1998ರ ಶುಭ ಶುಕ್ರವಾರದ ಒಪ್ಪಂದವಾಗುವಷ್ಟರಲ್ಲಿ ಸುಮಾರು 3,500 ಜನ ಸತ್ತಿದ್ದರು. ಆದರೆ ಪ್ಯಾಟ್ರಿಕರು ಎರಡೂ ಕಡೆಯವರಿಗೆ ತಂದೆ. ಅವರು ಬಂದಿಳಿದು 1,500 ವರ್ಷವಾದ ನೆನಪಿಗೆ 1930ರ ದಶಕದ ಆರಂಭದಲ್ಲಿ ಪ್ರೊಟೆಸ್ಟೆಂಟ್ ಸಹೋದರರು ಸಾಲ್‌ನಲ್ಲಿ ಚಿಕ್ಕ ಕಲ್ಲಿನ ದೇವಾಲಯ ಕಟ್ಟಿದರು. ಸಮೀಪದ ಗುಡ್ಡದ ಮೇಲೆ ಕಥೋಲಿಕರು ಪ್ಯಾಟ್ರಿಕರ ಎತ್ತರದ ಪ್ರತಿಮೆ ನಿಲ್ಲಿಸಿದರು. ಇಬ್ಬರೂ ನೆನೆಯುವುದು ಅದೇ ಕಣಜವನ್ನು. ಐರಿಷ್ ಸೈನಿಕರ ಜೊತೆ ಪ್ಯಾಟ್ರಿಕರ ಭಕ್ತಿ ನಮ್ಮ ನಾಡಿಗೂ ಬಂತು. ಬೆಂಗಳೂರಿನ ದಂಡುಪ್ರದೇಶದಲ್ಲಿ ಅವರ ಹೆಸರಿನ ಹಳೆಯ ದೇವಾಲಯ ಇಂದಿಗೂ ಭಕ್ತರಿಂದ ತುಂಬಿರುತ್ತದೆ.

ನಮ್ಮ ಕಣಜ

ಸಾಲ್ ಎಂದರೆ ಸಾಲವಲ್ಲ ಎಂದೆ. ಆದರೂ ಪ್ಯಾಟ್ರಿಕರು ತಮ್ಮ ಬರಹದಲ್ಲಿ ತಾವು ದೇವರಿಗೆ ಬಹಳ ದೊಡ್ಡ ಸಾಲಗಾರರೆಂದೇ ಹೇಳಿಕೊಂಡಿದ್ದಾರೆ. ಕದ್ದೊಯ್ದವರ ನಾಡಿಗೆ ಬದುಕನ್ನೇ ಕೊಟ್ಟು ಅವರು ಆ ಸಾಲ ತೀರಿಸಿದರು. ಬಲದಿಂದ ಇಟ್ಟ ಹೆಸರು ಬಲ ಹೋದಾಗ ಹೋಗುತ್ತದೆ. ಕೊಟ್ಟದ್ದರಿಂದ ಬಂದ ಹೆಸರು ಕೊಟ್ಟವನು ಸತ್ತ ಮೇಲೂ ಉಳಿಯುತ್ತದೆ. ದಿಖುವಿನ ಗದ್ದುಗೆ ಎಲ್ಲಿತ್ತೆಂದು ಇಂದು ಯಾರೂ ಕೇಳುವುದಿಲ್ಲ, ಅವನ ಕಣಜ ಮಾತ್ರ ನಕಾಶೆಯಲ್ಲಿದೆ.

ಮುಂದಿನ ಸಲ ಆ ಹಳ್ಳಿಗೆ ಹೋದಾಗ ಅಜ್ಜಿಗೆ ಈ ಕಥೆ ಹೇಳಿದೆ. ದೇವಾಲಯ ಬೇಡವೆಂದು ನಾನು ಹೇಳಲಿಲ್ಲ. ಅದು ಆಗಬೇಕು, ಅದಕ್ಕಾಗಿ ನಾವೆಲ್ಲ ದುಡಿಯಬೇಕು. ಆದರೆ ಈಗಿರುವುದು ಖರೇ ಗುಡಿಯಲ್ಲ ಎಂಬ ಮಾತನ್ನು ನಾನು ಒಪ್ಪಲಾರೆ ಎಂದೆ. ಅಜ್ಜಿ ಏನೂ ಹೇಳಲಿಲ್ಲ. ಚೀಲಗಳ ಕಡೆ ಒಮ್ಮೆ ನೋಡಿದರು. ಆಮೇಲೆ ಸೆರಗಿನಿಂದ ಪೀಠದ ಮೇಜಿನ ಮೇಲಿನ ಜೋಳದ ಹೊಟ್ಟನ್ನು ಒರೆಸಿ, ಮೇಣದ ಬತ್ತಿ ನೆಟ್ಟಗೆ ಮಾಡಿದರು.

ಸಹೋದರ ಸಹೋದರಿಯರೆ, ನಿಮ್ಮ ಮನೆಯಲ್ಲಿ ಪ್ರಭುವಿಗಾಗಿ ತೆರವು ಮಾಡಬಹುದಾದ ಕೋಣೆ ಯಾವುದು? ಇಪ್ಪತ್ತು ವರ್ಷದ ಸಿಟ್ಟನ್ನು ಚೀಲಕಟ್ಟಿ ಇಟ್ಟ ಮೂಲೆಯೇ? ಯಾರದೋ ಹಳೆಯ ತಪ್ಪನ್ನು ಕಾಪಿಟ್ಟ ಅಟ್ಟವೇ? ಈ ವಾರ ಅದನ್ನು ಒಂದು ಬದಿಗೆ ಸರಿಸಿ ನೆಲ ಸಾರಿಸೋಣ. ಸಂಜೆ ಮಕ್ಕಳನ್ನು ಕೂಡಿಸಿಕೊಂಡು ಜಪ ಹೇಳೋಣ. ಓ ದೇವಾ, ಸೆರೆಯಲ್ಲಿದ್ದ ಹುಡುಗನನ್ನು ಕೈಹಿಡಿದು ನಡೆಸಿದಂತೆ ನಮ್ಮ ಮಕ್ಕಳನ್ನೂ ನಡೆಸಿರಿ. ನೋಯಿಸಿದವರ ಮನೆಗೆ ನಾವೇ ಮೊದಲು ಹೋಗುವ ಧೈರ್ಯ ಕೊಡಿರಿ. ನಮ್ಮ ಬಡ ಕಣಜದಲ್ಲಿ ನೀವು ಬಂದು ವಾಸಿಸಿರಿ. ಆಮೆನ್.